ಹಳೇ ಫೋನು: ರಿಪೇರಿಗೆ ಬಗ್ಗುವ ಕಾಯಿಲೆ ಯಾವುದು, ಬಗ್ಗದ್ದು ಯಾವುದು?

ಹತ್ತು ಹನ್ನೆರಡು ಸಾವಿರ ಕೊಟ್ಟು ಫೋನ್ ತರುವುದು, ಮೂರು ವರ್ಷ ಉಜ್ಜುವುದು, ಅದು ಸುಸ್ತಾದಾಗ ಅಷ್ಟೇ ದುಡ್ಡಿಗೆ ಇನ್ನೂ ಒಳ್ಳೆಯದನ್ನು ತರುವುದು. ಬಹಳಷ್ಟು ಮನೆಗಳ ಲೆಕ್ಕ ಇದೇ ಆಗಿತ್ತು. 2025ರ ಕೊನೆಯ ತಿಂಗಳುಗಳಿಂದ ಈ ಲೆಕ್ಕ ಕೆಟ್ಟಿದೆ. ಫೋನಿನೊಳಗಿನ ಮೆಮೊರಿ ಚಿಪ್‌ಗಳನ್ನು ಜಗತ್ತಿಗೆಲ್ಲ ಪೂರೈಸುವ ಕಂಪನಿಗಳು ಬೆರಳೆಣಿಕೆಯಷ್ಟು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅವುಗಳಲ್ಲಿ ದೊಡ್ಡವು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಹೆಚ್ಚು ಬೆಲೆ ಕೊಟ್ಟು ಮೆಮೊರಿ ಕೊಳ್ಳತೊಡಗಿದ ಮೇಲೆ ತಯಾರಿಕೆ ಆ ಕಡೆ ತಿರುಗಿತು, ಫೋನಿಗೆ ಸಿಗುವ ಮೆಮೊರಿ ತುಟ್ಟಿಯಾಯಿತು. ದುಬಾರಿ ಫೋನಿನಲ್ಲಿ ಈ ಏರಿಕೆಯ ಒಂದು ಪಾಲು ಲಾಭದೊಳಗೆ ಕರಗಿಹೋಗುತ್ತದೆ. ಅಗ್ಗದ ಫೋನಿನಲ್ಲಿ ಅಷ್ಟು ಲಾಭವೇ ಇರುವುದಿಲ್ಲ. ಹಾಗಾಗಿ ಒಂದೋ ಬೆಲೆ ಏರುತ್ತದೆ, ಇಲ್ಲವೇ ಅದೇ ಬೆಲೆಗೆ ಕಡಿಮೆ ಮೆಮೊರಿ ಸಿಗುತ್ತದೆ. 2020ರ ಏಪ್ರಿಲ್‌ನಿಂದ ಇರುವ ಶೇ 18ರ ಜಿಎಸ್‌ಟಿ ಇದ್ದೇ ಇದೆ.

ಹೀಗಿರುವಾಗ ಕೈಯಲ್ಲಿರುವುದನ್ನೇ ಇನ್ನೊಂದು ಮಳೆಗಾಲ ದಾಟಿಸಬಹುದೇ ಎಂಬ ಪ್ರಶ್ನೆ ಏಳುತ್ತದೆ. ಕಾರವಾರದ ಉಪ್ಪುಗಾಳಿ, ಘಟ್ಟದ ಮೇಲಿನ ಥಂಡಿ, ಸಿಗ್ನಲ್ ಬಂದುಹೋಗುವ ಕಣಿವೆಗಳು ಇರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಫೋನು ಹಾಳಾಗುವ ರೀತಿಯೂ ಸ್ವಲ್ಪ ಬೇರೆ.

ಮೊದಲು ಒಂದು ಗೆರೆ

ಫೋನು ‘ಹಳತಾಯಿತು’ ಎಂದು ನಾವು ಹೇಳುವಾಗ ಏಳೆಂಟು ಬೇರೆ ಬೇರೆ ತೊಂದರೆಗಳನ್ನು ಒಂದೇ ಮಾತಿನಲ್ಲಿ ಕಟ್ಟಿರುತ್ತೇವೆ. ಅದನ್ನು ಬಿಡಿಸಿದರೆ ಎರಡು ಗುಂಪು ಸಿಗುತ್ತವೆ.

ಬ್ಯಾಟರಿ, ಚಾರ್ಜಿಂಗ್ ಬೋರ್ಡ್, ಸ್ಪೀಕರ್, ಒಡೆದ ಡಿಸ್‌ಪ್ಲೇ, ತುಂಬಿಹೋದ ಸ್ಟೋರೇಜ್ ಒಂದು ಗುಂಪು. ಇವೆಲ್ಲ ಬದಲಾಯಿಸಲು ಅಥವಾ ಸರಿಪಡಿಸಲು ಬರುವಂಥವು. ರ್ಯಾಮ್, ಸ್ಟೋರೇಜ್ ಚಿಪ್‌ನ ವೇಗ, ಕಂಪನಿ ಕೊಡುವ ಸೆಕ್ಯುರಿಟಿ ಅಪ್‌ಡೇಟ್, ಫೋನು ಹಿಡಿಯಬಲ್ಲ ನೆಟ್‌ವರ್ಕ್ ಬ್ಯಾಂಡ್ ಇನ್ನೊಂದು ಗುಂಪು. ಇವು ಫೋನು ಹುಟ್ಟಿದ ದಿನವೇ ನಿಗದಿಯಾದವು, ಯಾವ ಮೆಕ್ಯಾನಿಕ್ಕೂ ಬದಲಿಸಲಾರ.

ಹೊಸ ಫೋನು ಕೊಳ್ಳಲು ಸರಿಯಾದ ಕಾರಣ ಸಿಗುವುದು ಎರಡನೇ ಗುಂಪಿನಲ್ಲಿ. ಆದರೆ ಜನ ಫೋನು ಬದಲಿಸುವುದು ಹೆಚ್ಚಾಗಿ ಮೊದಲ ಗುಂಪಿನ ಕಿರಿಕಿರಿಗೆ. ಸಾವಿರದ ಆಸುಪಾಸಿನಲ್ಲಿ ಮುಗಿಯುವ ಕೆಲಸಕ್ಕೆ ಹದಿನೈದು ಸಾವಿರ ಖರ್ಚಾಗುವುದು ಹೀಗೆ.

ಬ್ಯಾಟರಿ ಯಾಕೆ ಸೋಲುತ್ತದೆ

ಲಿಥಿಯಂ ಅಯಾನ್ ಬ್ಯಾಟರಿಯ ಆಯಸ್ಸನ್ನು ವರ್ಷದಲ್ಲಿ ಅಳೆಯುವುದಿಲ್ಲ, ಸೈಕಲ್‌ನಲ್ಲಿ ಅಳೆಯುತ್ತಾರೆ. ಒಂದು ಸೈಕಲ್ ಎಂದರೆ ಒಟ್ಟು ಶೇ 100ರಷ್ಟು ಬಳಕೆ. ಇವತ್ತು ಶೇ 60, ನಾಳೆ ಶೇ 40 ಖರ್ಚಾದರೆ ಎರಡೂ ಸೇರಿ ಒಂದೇ ಸೈಕಲ್. ಸಾಧಾರಣ ಬ್ಯಾಟರಿ ಸುಮಾರು 500ರಿಂದ 800 ಸೈಕಲ್ ಆಗುವಷ್ಟರಲ್ಲಿ ಮೂಲ ಸಾಮರ್ಥ್ಯದ ಶೇ 80ಕ್ಕೆ ಇಳಿದಿರುತ್ತದೆ. ದಿನಕ್ಕೊಂದು ಸೈಕಲ್ ಎಂದರೆ ಎರಡು ವರ್ಷಕ್ಕೇ 730. ಯುರೋಪಿನ ಒಕ್ಕೂಟ 2025ರ ಜೂನ್ 20ರಿಂದ, 800 ಸೈಕಲ್ ಕಳೆದ ಮೇಲೂ ಶೇ 80 ಉಳಿದಿರಬೇಕು ಎಂದು ಅಲ್ಲಿ ಮಾರುವ ಫೋನುಗಳಿಗೆ ಕಟ್ಟುಪಾಡು ಹಾಕಿದೆ. ಆ ನಿಯಮಕ್ಕೆ ಮುಂಚಿನ ಅಗ್ಗದ ಫೋನುಗಳಿಂದ ಅಷ್ಟನ್ನು ನಿರೀಕ್ಷಿಸುವುದು ಅತಿಯಾಸೆ.

ಸಾಮರ್ಥ್ಯ ಕಡಿಮೆಯಾಗುವುದು ಅರ್ಧ ಕತೆ. ಬ್ಯಾಟರಿ ಹಳತಾದಂತೆ ಅದರ ಆಂತರಿಕ ರೋಧವೂ ಏರುತ್ತದೆ, ಅಂದರೆ ಒಳಗಿನ ವಿದ್ಯುತ್ತು ಹೊರಗೆ ಬರಲು ತಡೆ ಹೆಚ್ಚುತ್ತದೆ. ಏಪ್ರಿಲ್ ತಿಂಗಳ ತೋಟದ ಬಾವಿಯನ್ನು ನೆನಪಿಸಿಕೊಳ್ಳಿ. ಹೂಳು ತುಂಬಿ ನೀರು ಕಡಿಮೆಯಾಗಿದೆ, ಒರತೆಯೂ ನಿಧಾನವಾಗಿದೆ. ಪಂಪು ಹಾಕಿದ ಹತ್ತು ನಿಮಿಷಕ್ಕೆ ಗಾಳಿ ಎಳೆಯತೊಡಗುತ್ತದೆ. ನಿಲ್ಲಿಸಿ ಅರ್ಧ ತಾಸು ಬಿಟ್ಟು ನೋಡಿದರೆ ಮತ್ತೆ ನೀರು ನಿಂತಿದೆ. ಹಳೆಯ ಬ್ಯಾಟರಿಯೂ ಹೀಗೆಯೇ. ಕ್ಯಾಮೆರಾದ ಫ್ಲ್ಯಾಶ್ ಉರಿದಾಗಲೋ ವಿಡಿಯೋ ಕಾಲ್ ನಡೆದಾಗಲೋ ಫೋನು ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ, ಬ್ಯಾಟರಿಯ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ, ಫೋನು ತನ್ನ ರಕ್ಷಣೆಗಾಗಿ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದರೆ ಶೇ 18 ಎಂದು ತೋರಿಸುತ್ತದೆ. ‘ಫೋನೇ ಹಾಳಾಯ್ತು’ ಎಂದು ಅಂಗಡಿಗೆ ಬರುವ ಪ್ರಕರಣಗಳಲ್ಲಿ ದೊಡ್ಡ ಪಾಲು ಇಂಥದ್ದು. ಹಾಳಾಗಿರುವುದು ಫೋನಲ್ಲ, ಬ್ಯಾಟರಿ.

ಪತ್ತೆಹಚ್ಚುವುದು ಹೇಗೆ? ಕೆಲವು ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಅಥವಾ ಬ್ಯಾಟರಿ ಪುಟದಲ್ಲೇ ಸೈಕಲ್ ಸಂಖ್ಯೆ ಇರುತ್ತದೆ. ಹಳೆಯದರಲ್ಲಿ ಅಕ್ಯುಬ್ಯಾಟರಿಯಂಥ ಆ್ಯಪ್ ಹಾಕಿ ಒಂದು ವಾರ ಬಿಟ್ಟರೆ ಅಂದಾಜು ಸಾಮರ್ಥ್ಯ ತೋರಿಸುತ್ತದೆ. ಶೇ 15ರಿಂದ 90ರವರೆಗೆ ಒಂದೇ ಬಾರಿಗೆ ಚಾರ್ಜ್ ಮಾಡಿದ ದಿನದ ಅಂಕಿಯನ್ನು ಮಾತ್ರ ನಂಬಿ. 5,000 ಎಂಎಎಚ್ ಬ್ಯಾಟರಿ 3,800ಕ್ಕಿಂತ ಕೆಳಗೆ ಬಂದಿದ್ದರೆ, ಅಥವಾ ಶೇ 30ರಿಂದ ಒಮ್ಮೆಲೇ ಶೇ 5ಕ್ಕೆ ಜಿಗಿಯುತ್ತಿದ್ದರೆ ಬದಲಾಯಿಸುವ ಕಾಲ ಬಂತು.

ಹಿಂಬದಿಯ ಮುಚ್ಚಳ ಉಬ್ಬಿದ್ದರೆ ಅಥವಾ ಡಿಸ್‌ಪ್ಲೇ ಒಂದು ಅಂಚಿನಲ್ಲಿ ಎದ್ದಿದ್ದರೆ ಪರೀಕ್ಷೆಯ ಮಾತೇ ಇಲ್ಲ. ಒಳಗೆ ಅನಿಲ ತುಂಬಿ ಬ್ಯಾಟರಿ ಉಬ್ಬಿದೆ ಎಂದರ್ಥ. ಚಾರ್ಜ್ ಮಾಡುವುದು ಆ ಕ್ಷಣಕ್ಕೇ ನಿಲ್ಲಬೇಕು. ಒತ್ತಿ ಕೂರಿಸುವುದು, ಸೂಜಿ ಚುಚ್ಚಿ ಗಾಳಿ ತೆಗೆಯುವುದು ಬೆಂಕಿಗೆ ಆಹ್ವಾನ.

ಬ್ಯಾಟರಿ ಹಾಕಿಸುವಾಗ ನೋಡಬೇಕಾದ್ದು

ಅಂದಾಜು ಖರ್ಚು 800ರಿಂದ 1,500 ರೂಪಾಯಿ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಸ್ವಲ್ಪ ಹೆಚ್ಚಾದರೂ ಸಿಗುವುದಾದರೆ ಅದೇ ಒಳ್ಳೆಯದು. ನಿಮ್ಮ ಬ್ರ್ಯಾಂಡಿನದು ಜಿಲ್ಲೆಯೊಳಗೆ ಇಲ್ಲದಿದ್ದರೆ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಬೇಕು, ಆ ಬಸ್ಸಿನ ಖರ್ಚನ್ನೂ ಒಂದು ದಿನದ ಕೆಲಸವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹೋಗುವ ಮುಂಚೆ ಫೋನ್ ಮಾಡಿ ಮಾಡೆಲ್ ನಂಬರ್ ಹೇಳಿ, ಬ್ಯಾಟರಿ ಸ್ಟಾಕ್ ಇದೆಯೇ ಎಂದು ಕೇಳಿಕೊಂಡರೆ ಎರಡನೇ ಸಲ ಹೋಗುವುದು ತಪ್ಪುತ್ತದೆ.

ಊರಿನ ಅಂಗಡಿಯಲ್ಲೇ ಹಾಕಿಸುವುದಾದರೆ ಮೂರು ವಿಷಯ. ಬ್ಯಾಟರಿಯ ಮೇಲಿನ ಮಾಡೆಲ್ ಕೋಡ್ ಹಳೆಯ ಬ್ಯಾಟರಿಯದರ ಜೊತೆ ಹೊಂದಬೇಕು. ತಯಾರಾದ ತಾರೀಕು ನೋಡಬೇಕು. ಎರಡು ವರ್ಷ ಡಬ್ಬಿಯಲ್ಲಿ ಕೂತ ‘ಹೊಸ’ ಬ್ಯಾಟರಿ ಅರ್ಧ ಹಳೆಯದೇ. ಮೂಲಕ್ಕಿಂತ ಹೆಚ್ಚು ಎಂಎಎಚ್ ಬರೆದಿದ್ದರೆ ಅದು ಸುಳ್ಳು ಎಂದೇ ತಿಳಿಯಿರಿ, ಅಷ್ಟೇ ಅಳತೆಯ ಜಾಗದಲ್ಲಿ ಶಕ್ತಿ ಹಾಗೆ ಹೆಚ್ಚಾಗುವುದಿಲ್ಲ.

ನಮ್ಮ ಕಡೆಯವರು ಕೇಳಲೇಬೇಕಾದ ನಾಲ್ಕನೆಯದೊಂದು ಇದೆ. ಫೋನು ಬಿಚ್ಚಿದರೆ ಅಂಚಿನ ಅಂಟು ಕಿತ್ತುಹೋಗುತ್ತದೆ. ಡಬ್ಬಿಯ ಮೇಲೆ ಐಪಿ53 ಅಥವಾ ಐಪಿ54 ಎಂದು ಬರೆದಿದ್ದ ನೀರು ನಿರೋಧಕತೆ ಅಲ್ಲಿಗೆ ಮುಗಿಯಿತು. ಹಳೆಯ ಅಂಟು ಪೂರ್ತಿ ಕೆರೆದು, ಸುತ್ತಲೂ ಹೊಸ ಅಂಟು ಹಾಕಿ, ಕ್ಲಿಪ್ಪಿನಲ್ಲಿ ಒತ್ತಿ ಕೆಲವು ತಾಸು ಬಿಡಿ ಎಂದು ಹೇಳಿ. ಹತ್ತು ನಿಮಿಷದಲ್ಲಿ ಕೈಗೆ ಬಂದ ಫೋನು ಜೂನ್ ಮಳೆಗೆ ಬಾಯ್ದೆರೆದೇ ಇರುತ್ತದೆ.

ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಬ್ಯಾಟರಿ ಬರಿದಾಗುವುದು

ಕುಮಟಾ ಪೇಟೆಯಲ್ಲಿ ಸಂಜೆಯವರೆಗೆ ಬರುವ ಬ್ಯಾಟರಿ ಜೊಯಿಡಾದ ಒಳಗಿನ ಹಳ್ಳಿಯಲ್ಲೋ ದೇವಿಮನೆ ಘಟ್ಟದ ಕೆಳಗೋ ಮಧ್ಯಾಹ್ನಕ್ಕೇ ಮುಗಿದರೆ ತಪ್ಪು ಬ್ಯಾಟರಿಯದ್ದೇ ಆಗಿರಬೇಕೆಂದಿಲ್ಲ. ಟವರ್ ಹತ್ತಿರವಿದ್ದಾಗ ಫೋನು ಬಹಳ ಕಡಿಮೆ ಶಕ್ತಿಯಲ್ಲಿ ಮಾತಾಡುತ್ತದೆ. ದೂರವಾದಂತೆ ಶಕ್ತಿ ಏರಿಸುತ್ತ ಹೋಗಿ 4ಜಿಯಲ್ಲಿ ಸುಮಾರು 200 ಮಿಲಿವ್ಯಾಟ್‌ವರೆಗೆ ತಲುಪುತ್ತದೆ. ಸಿಗ್ನಲ್ ಪೂರ್ತಿ ಹೋದರೆ ಇನ್ನೂ ಕೆಟ್ಟದ್ದು: ಒಂದೊಂದೇ ಬ್ಯಾಂಡ್ ತಡಕಾಡುತ್ತ ಕೂರುತ್ತದೆ. ಎರಡು ಸಿಮ್ ಇದ್ದರೆ ತಡಕಾಟವೂ ಎರಡು ಪಟ್ಟು.

ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಹೋದರೆ ಸಿಗ್ನಲ್‌ನ ಅಳತೆ ಡಿಬಿಎಂನಲ್ಲಿ ಕಾಣುತ್ತದೆ. ಮೈನಸ್ 80ರಿಂದ 90ರ ಸುತ್ತ ಇದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ಬಡಕಲು, ಮೈನಸ್ 120ರ ಹತ್ತಿರ ಕರೆ ನಿಲ್ಲುವುದೇ ಕಷ್ಟ. ಕೆಂಪು ಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ ಜಗಲಿಗೂ ಒಳಕೋಣೆಗೂ ಎಷ್ಟು ವ್ಯತ್ಯಾಸವಿದೆ ಎಂದು ಒಮ್ಮೆ ನೋಡಿ, ರಾತ್ರಿ ಫೋನು ಇಡುವ ಜಾಗ ತಾನೇ ಬದಲಾಗುತ್ತದೆ.

ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ದಾರಿ ಸುಲಭ. ನಿಮ್ಮ ಸಿಮ್ ಮತ್ತು ಫೋನು ಎರಡಕ್ಕೂ ಸೌಲಭ್ಯವಿದ್ದರೆ ಸಿಮ್ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಕರೆಗಳು ಟವರ್ ಬಿಟ್ಟು ವೈಫೈ ಮೂಲಕ ಬರುತ್ತವೆ. ಬಳಕೆಯಲ್ಲಿಲ್ಲದ ಎರಡನೇ ಸಿಮ್ ಅನ್ನು ತೆಗೆಯದೆಯೇ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಡಬಹುದು. ಇಷ್ಟು ಮಾಡಿದ ಮೇಲೂ ಬ್ಯಾಟರಿ ನಿಲ್ಲದಿದ್ದರೆ ಆಗ ಬ್ಯಾಟರಿಯನ್ನು ಶಂಕಿಸಿ.

ಉಪ್ಪು, ಮಳೆ, ಚಾರ್ಜಿಂಗ್ ಪೋರ್ಟ್

ಕರಾವಳಿಯ ಫೋನುಗಳ ಅಸಲಿ ಶತ್ರು ಇಲ್ಲಿದೆ. ಅಡುಗೆ ಉಪ್ಪಿಗೆ ಒಂದು ಗುಣವಿದೆ: ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಅದು ತಾನೇ ನೀರು ಹೀರಿ ಕರಗತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಹೊನ್ನಾವರ, ಭಟ್ಕಳದ ಗಾಳಿ ದಿನದ ಬಹುಪಾಲು ಆ ಗೆರೆಯ ಮೇಲೆಯೇ ಇರುತ್ತದೆ. ಸಮುದ್ರದ ಗಾಳಿಯಲ್ಲಿ ತೇಲಿಬಂದು ಪೋರ್ಟಿನಲ್ಲಿ ಕೂತ ಉಪ್ಪಿನ ಕಣ, ಬೆವರಿನ ಉಪ್ಪು ಎರಡೂ ಹೀಗೆ ಕರಗಿ ಪಿನ್‌ಗಳ ನಡುವೆ ತೆಳ್ಳಗಿನ ಉಪ್ಪುನೀರಿನ ಪೊರೆಯಾಗುತ್ತವೆ. ಉಪ್ಪುನೀರು ವಿದ್ಯುತ್ತನ್ನು ಹರಿಸುತ್ತದೆ.

ಪೂರ್ಣ ಟೈಪ್-ಸಿ ಪೋರ್ಟಿನಲ್ಲಿ 24 ಪಿನ್‌ಗಳಿರುತ್ತವೆ, ಅಗ್ಗದ ಫೋನುಗಳಲ್ಲಿ ಹಲವು ಸಲ 16. ಪಿನ್‌ನಿಂದ ಪಿನ್‌ಗೆ ಅಂತರ ಅರ್ಧ ಮಿಲಿಮೀಟರ್. ಚಾರ್ಜರ್ ಚುಚ್ಚಿದಾಗ ಇದೇ ಪಿನ್‌ಗಳ ಮೇಲೆ 5 ವೋಲ್ಟ್, ವೇಗದ ಚಾರ್ಜಿಂಗ್‌ನಲ್ಲಿ 9 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಬರುತ್ತದೆ. ತೇವ, ಉಪ್ಪು, ವೋಲ್ಟೇಜ್ ಮೂರೂ ಸೇರಿದರೆ ಲೋಹ ಕರಗಿ ಹಸಿರು ಅಥವಾ ಕಪ್ಪು ಕಿಲುಬು ಕೂರುತ್ತದೆ. ಕೇಬಲ್ ಓರೆ ಹಿಡಿದರೆ ಮಾತ್ರ ಚಾರ್ಜ್ ಆಗುವುದು, ವೇಗದ ಚಾರ್ಜಿಂಗ್ ನಿಂತು ನಿಧಾನದ್ದಷ್ಟೇ ಉಳಿಯುವುದು, ಕಂಪ್ಯೂಟರಿಗೆ ಹಾಕಿದರೆ ಗುರುತೇ ಸಿಗದಿರುವುದು ಇದರ ಲಕ್ಷಣಗಳು.

ಮೊದಲು ಬೇರೆ ಕೇಬಲ್, ಬೇರೆ ಚಾರ್ಜರ್ ಹಾಕಿ ನೋಡಿ. ಎಷ್ಟೋ ಸಲ ಸತ್ತಿರುವುದು ಕೇಬಲ್. ಆಮೇಲೆ ಫೋನು ಆಫ್ ಮಾಡಿ, ಟಾರ್ಚ್ ಬೆಳಕಿನಲ್ಲಿ ಪೋರ್ಟಿನೊಳಗೆ ಇಣುಕಿ. ಕಿಸೆಯ ನೂಲು, ಧೂಳು ತಳದಲ್ಲಿ ಗಟ್ಟಿಯಾಗಿ ಕೂತು ಕೇಬಲ್ ಪೂರ್ತಿ ಒಳಹೋಗದಂತೆ ತಡೆದಿರಬಹುದು. ಮರದ ಟೂತ್‌ಪಿಕ್ಕಿನ ತುದಿ ತೆಳ್ಳಗೆ ಮಾಡಿ ಅಂಚಿನಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಪಿನ್ನು ಬೇಡ, ನಡುವಿನ ನಾಲಿಗೆ ಮುರಿದರೆ ಪೋರ್ಟೇ ಹೋಯಿತು. ಕಿಲುಬಿದ್ದರೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಮೃದು ಬ್ರಷ್ಷಿಗೆ ಹಾಕಿ ಉಜ್ಜಿ, ಅರ್ಧ ತಾಸು ಆರಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ನೀರೂ ಜಿಗುಟೂ ಇರುವುದರಿಂದ ಅದು ಆಗದು.

ಇಷ್ಟಕ್ಕೂ ಸರಿಯಾಗದಿದ್ದರೆ ಅಂಗಡಿಯವರು ‘ಸಿಸಿ ಬೋರ್ಡ್’ ಎನ್ನುವ ಚಾರ್ಜಿಂಗ್ ಬೋರ್ಡ್ ಬದಲಾಯಿಸಬೇಕು. ಬಹುತೇಕ ಅಗ್ಗದ ಫೋನುಗಳಲ್ಲಿ ಇದು ಮುಖ್ಯ ಬೋರ್ಡಿನಿಂದ ಬೇರೆಯಾಗಿ ಕೆಳಗಡೆ ಇರುವ ಸಣ್ಣ ತುಂಡು. ಮೈಕ್ ಕೂಡ ಅದರಲ್ಲೇ ಇರುವುದರಿಂದ ‘ನನ್ನ ಮಾತು ಆಚೆಗೆ ಕೇಳುವುದಿಲ್ಲ’ ಎಂಬ ತೊಂದರೆಯೂ ಜೊತೆಗೇ ಬಗೆಹರಿಯಬಹುದು. ಕೂಲಿ ಸೇರಿ ಸಾಮಾನ್ಯವಾಗಿ 300ರಿಂದ 700 ರೂಪಾಯಿ. ಇದಕ್ಕಾಗಿ ಯಾರೂ ಹೊಸ ಫೋನು ಕೊಳ್ಳಬಾರದು.

‘ಮಾಯಿಶ್ಚರ್ ಡಿಟೆಕ್ಟೆಡ್’ ಎಂಬ ಎಚ್ಚರಿಕೆ ಬಂದರೆ ಅದು ತಮಾಷೆಯಲ್ಲ. ಪಿನ್‌ಗಳ ನಡುವೆ ಇರಬಾರದ ವಿದ್ಯುತ್ ಹರಿವನ್ನು ಫೋನು ಗುರುತಿಸಿದೆ. ಪೋರ್ಟು ಕೆಳಮುಖವಾಗಿಟ್ಟು ಫ್ಯಾನಿನ ಗಾಳಿಗೆ ಕೆಲವು ತಾಸು ಬಿಡಿ.

ಬೈತ್ಕೋಲ, ತದಡಿ, ಕಾಸರಕೋಡದ ದೋಣಿಯವರಿಗೆ ಗೊತ್ತಿರುವ ಸಂಕಟ ಬೇರೆ: ಸಮುದ್ರದ ನೀರೇ ಒಳಹೊಕ್ಕ ಫೋನು. ಅದನ್ನು ಆನ್ ಮಾಡಿ ನೋಡುವುದು, ಚಾರ್ಜಿಗೆ ಹಾಕುವುದು ಎರಡೂ ಕೂಡದು. ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಅದೇ ದಿನ ಅಂಗಡಿಗೆ ತಲುಪಿಸಿ ಬಿಚ್ಚಿ ಆಲ್ಕೊಹಾಲಿನಲ್ಲಿ ತೊಳೆಸಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂತರೆ ನೀರು ಆರಬಹುದು, ಉಪ್ಪು ಎಲ್ಲಿಯೂ ಹೋಗುವುದಿಲ್ಲ; ಮುಂದಿನ ತೇವದ ದಿನ ಅದು ಮತ್ತೆ ಕೆಲಸ ಶುರುಮಾಡುತ್ತದೆ. ಐಪಿ68 ಎಂದು ಬರೆದ ದುಬಾರಿ ಫೋನಿಗೂ ಆ ಪರೀಕ್ಷೆ ನಡೆದಿರುವುದು ಸಿಹಿನೀರಿನಲ್ಲಿ. ಘಟ್ಟದ ಮೇಲಿನವರ ತಪ್ಪು ಇನ್ನೊಂದು ಬಗೆಯದು: ಮಳೆಗಾಲದಲ್ಲಿ ಬಟ್ಟೆ ಆರಿಸುವ ಬಚ್ಚಲ ಒಲೆಯ ಹತ್ತಿರ ಒದ್ದೆ ಫೋನನ್ನೂ ಇಡುವುದು. ಚಾರ್ಜ್ ಆಗುವಾಗ 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯೇ ಬ್ಯಾಟರಿಗೆ ಹಾನಿ, ಒಲೆಯ ಬದಿ ಅದನ್ನು ಸುಲಭವಾಗಿ ದಾಟುತ್ತದೆ. ತೋಟಕ್ಕೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಒಯ್ಯುವುದು ಒಳ್ಳೆಯದೇ, ಆದರೆ ಮನೆಗೆ ಬಂದ ಕೂಡಲೇ ಹೊರತೆಗೆಯಿರಿ. ಒಳಗೆ ಬೆವತ ಕೊಟ್ಟೆಯಲ್ಲೇ ರಾತ್ರಿ ಕಳೆದರೆ ಕ್ಯಾಮೆರಾ ಗಾಜಿನ ಹಿಂದೆ ಮಂಜು ಕಟ್ಟುತ್ತದೆ.

ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಗುಡುಗಿನ ಸಂಜೆಗಳಲ್ಲಿ ಚಾರ್ಜರನ್ನು ಗೋಡೆಯಿಂದಲೇ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿನ ವೋಲ್ಟೇಜ್ ಸ್ವಿಚ್ಚಿನ ಸಣ್ಣ ಅಂತರವನ್ನು ಹಾರಬಲ್ಲದು.

ನಿಧಾನವಾಗುವುದು ಯಾಕೆ

ಫೋನಿನಲ್ಲಿ ಎರಡು ಬಗೆಯ ಮೆಮೊರಿ. ಫೋಟೊ, ವಿಡಿಯೊ, ಆ್ಯಪ್ ಎಲ್ಲ ಉಳಿಯುವುದು ಸ್ಟೋರೇಜ್‌ನಲ್ಲಿ. 64 ಜಿಬಿ, 128 ಜಿಬಿ ಎನ್ನುವುದು ಅದನ್ನು. ಆ ಕ್ಷಣ ತೆರೆದಿರುವ ಆ್ಯಪ್‌ಗಳು ಕೆಲಸ ಮಾಡುವ ಜಾಗ ರ್ಯಾಮ್. 3, 4, 6 ಜಿಬಿ ಎನ್ನುವುದು ಇದನ್ನು. ಎರಡರ ತೊಂದರೆ ಬೇರೆ, ಲಕ್ಷಣ ಬೇರೆ.

ಸ್ಟೋರೇಜ್ ಚಿಪ್ ಹಳೆಯ ಬರಹದ ಮೇಲೆ ನೇರವಾಗಿ ಬರೆಯಲಾರದು. ಒಂದು ಇಡೀ ಬ್ಲಾಕ್ ಅಳಿಸಿಯೇ ಬರೆಯಬೇಕು. ಖಾಲಿ ಜಾಗ ಇದ್ದಾಗ ಈ ಕೆಲಸ ಹಿಂದಿನಿಂದ ಸದ್ದಿಲ್ಲದೆ ನಡೆಯುತ್ತದೆ. ಶೇ 95 ತುಂಬಿದಾಗ ಪ್ರತಿ ಸಣ್ಣ ಬರಹಕ್ಕೂ ಇದ್ದದ್ದನ್ನು ಅತ್ತಿತ್ತ ಸರಿಸಬೇಕಾಗುತ್ತದೆ, ನಮ್ಮ ಬೆರಳಿಗೆ ಫೋನು ‘ಹ್ಯಾಂಗ್’ ಆಗುತ್ತದೆ. ಆದ್ದರಿಂದ ಶೇ 15ರಿಂದ 20 ಜಾಗ ಸದಾ ಖಾಲಿ ಇರಲಿ. ಜಾಗ ತಿನ್ನುವುದು ಹೆಚ್ಚಾಗಿ ವಾಟ್ಸ್‌ಆ್ಯಪ್: ಬೆಳಗಿನ ಶುಭೋದಯಗಳು, ಯಕ್ಷಗಾನದ ತುಣುಕುಗಳು, ಮದುವೆಯ ವಿಡಿಯೊ, ಒಂದೇ ಚಿತ್ರ ಐದು ಗ್ರೂಪಿನಿಂದ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್ ಎಂದು ಹೋದರೆ 5 ಎಂಬಿಗಿಂತ ದೊಡ್ಡ ಫೈಲುಗಳು ಒಟ್ಟಿಗೇ ಕಾಣುತ್ತವೆ. ಅಲ್ಲೇ ಅಳಿಸಿ, ಆಟೊ ಡೌನ್‌ಲೋಡ್ ನಿಲ್ಲಿಸಿ.

ಜಾಗ ಖಾಲಿ ಮಾಡಿದ ಮೇಲೂ ನಿಧಾನವೇ ಎಂದಾದರೆ ಕೊನೆಯ ಪರೀಕ್ಷೆ ಫ್ಯಾಕ್ಟರಿ ರೀಸೆಟ್. ಫೋಟೊಗಳನ್ನು ಕಾರ್ಡಿಗೋ ಕಂಪ್ಯೂಟರಿಗೋ ಹಾಕಿ, ವಾಟ್ಸ್‌ಆ್ಯಪ್ ಬ್ಯಾಕಪ್ ಮಾಡಿ, ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಖಾತ್ರಿ ಮಾಡಿಕೊಂಡು ಮುಂದುವರಿಯಿರಿ. ಪಾಸ್‌ವರ್ಡ್ ಮರೆತಿದ್ದರೆ ಕಳ್ಳರಿಗೆಂದು ಇಟ್ಟ ಬೀಗ ನಿಮಗೇ ಬೀಳಬಹುದು. ರೀಸೆಟ್ ಆದ ಮೇಲೆ ಬೇಕಾದ ಏಳೆಂಟು ಆ್ಯಪ್ ಮಾತ್ರ ಹಾಕಿ, ಎರಡು ದಿನ ಬಿಟ್ಟು ನೋಡಿ. ಆಗಲೂ ತೆವಳುತ್ತಿದ್ದರೆ ಕಾರಣ ಚಿಪ್ಪಿನದೇ. ಅಗ್ಗದ ಫೋನುಗಳಲ್ಲಿ ಬರುವ ಇಎಂಎಂಸಿ ಚಿಪ್ ಸೆಕೆಂಡಿಗೆ ಹೆಚ್ಚೆಂದರೆ 250ರಿಂದ 300 ಎಂಬಿ ಓದುತ್ತದೆ; ಅದಕ್ಕಿಂತ ಹೊಸ ಬಗೆಯ ಯುಎಫ್ಎಸ್ 2.2 ಚಿಪ್ ಅದರ ಮೂರು ನಾಲ್ಕು ಪಟ್ಟು. ಇದು ರಿಪೇರಿಗೆ ಬಗ್ಗದ ಗುಂಪು.

ರ್ಯಾಮ್ ಸಾಲದೆಂದು ತಿಳಿಯಲು ಪೇಟೆಯ ಜನಕ್ಕೂ ಹಳ್ಳಿಯವರಿಗೂ ಒಂದೇ ಗುರುತು ಸಾಕು. ರೈಲ್ವೆ ಟಿಕೆಟ್‌ಗೋ ಬ್ಯಾಂಕಿಗೋ ಓಟಿಪಿ ನೋಡಲು ಮೆಸೇಜಿಗೆ ಹೋಗಿ ಮರಳಿ ಬಂದರೆ ತುಂಬಿದ ಪುಟ ಮಾಯವಾಗಿ ಮೊದಲಿಂದ ಶುರುವಾಗುತ್ತದೆ. ಜಾಗ ಸಾಲದೆ ಫೋನು ಹಿಂದಿನ ಆ್ಯಪ್ ಅನ್ನು ಕೊಂದಿದೆ. ‘ರ್ಯಾಮ್ ಎಕ್ಸ್‌ಟೆನ್ಷನ್’ ಎಂಬ ಸೌಲಭ್ಯ ಸ್ಟೋರೇಜಿನ ಒಂದು ಪಾಲನ್ನೇ ರ್ಯಾಮ್ ಎಂದು ಬಳಸುತ್ತದೆ. ಇಎಂಎಂಸಿ ಫೋನಿನಲ್ಲಿ ಅದರಿಂದ ಲಾಭ ಅಷ್ಟಕ್ಕಷ್ಟೇ, ಚಿಪ್ಪಿನ ಸವೆತ ಮಾತ್ರ ಹೆಚ್ಚು.

ಸೆಕ್ಯುರಿಟಿ ಅಪ್‌ಡೇಟ್ ನಿಂತರೆ ಏನಾಗುತ್ತದೆ

ಆಂಡ್ರಾಯ್ಡ್‌ನಲ್ಲಿ ಸಿಕ್ಕ ದೋಷಗಳಿಗೆ ಗೂಗಲ್ ತೇಪೆ ಕೊಡುತ್ತದೆ. ಅದನ್ನು ನಿಮ್ಮ ಮಾಡೆಲ್‌ಗೆ ಹೊಂದಿಸಿ ಕಳಿಸುವುದು ಫೋನು ಕಂಪನಿಯ ಕೆಲಸ. ಅಗ್ಗದ ಫೋನುಗಳಿಗೆ ಬಹುಕಾಲ ಎರಡು ಮೂರು ವರ್ಷ ಮಾತ್ರ ಇದು ಸಿಗುತ್ತಿತ್ತು. ಈಗ ಸುಧಾರಿಸಿದೆ, ಸ್ಯಾಮ್‌ಸಂಗ್‌ನ ಎ16 5ಜಿಯಂಥ ಮಧ್ಯಮ ಬೆಲೆಯದಕ್ಕೂ ಆರು ವರ್ಷದ ಭರವಸೆಯಿದೆ. ಒಂದು ಕಣ್ಕಟ್ಟು ಗಮನಿಸಿ: ಈ ಅವಧಿ ಎಣಿಸುವುದು ಸಾಮಾನ್ಯವಾಗಿ ಮಾಡೆಲ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ದೀಪಾವಳಿಯ ರಿಯಾಯಿತಿಯಲ್ಲಿ ಎರಡು ವರ್ಷ ಹಳೆಯ ಮಾಡೆಲ್ ತಂದರೆ ಎರಡು ವರ್ಷ ಆಗಲೇ ಖರ್ಚಾಗಿರುತ್ತದೆ.

ಸೆಟ್ಟಿಂಗ್ಸ್, ಅಬೌಟ್ ಫೋನ್, ಆಂಡ್ರಾಯ್ಡ್ ವರ್ಷನ್‌ನಲ್ಲಿ ‘ಸೆಕ್ಯುರಿಟಿ ಪ್ಯಾಚ್’ ತಾರೀಕು ನೋಡಿ. ಆರು ತಿಂಗಳು ಹಿಂದಿನದಾದರೆ ಗಾಬರಿ ಬೇಡ. ಒಂದೂವರೆ ಎರಡು ವರ್ಷ ಹಿಂದಿನದಾಗಿದ್ದು ಅದೇ ಫೋನಿನಲ್ಲಿ ಯುಪಿಐ, ಬ್ಯಾಂಕ್ ಆ್ಯಪ್ ನಡೆಯುತ್ತಿದ್ದರೆ ಇದು ಗಟ್ಟಿ ಕಾರಣ. ತತ್‌ಕ್ಷಣ ಬದಲಾಯಿಸಲಾಗದಿದ್ದರೆ ದೊಡ್ಡ ಮೊತ್ತ ಇರುವ ಖಾತೆಯನ್ನು ಆ ಫೋನಿನಿಂದ ಬಿಡಿಸಿ, ಸಣ್ಣ ಮೊತ್ತದ ಬೇರೆ ಖಾತೆಯನ್ನು ಯುಪಿಐಗೆ ಜೋಡಿಸಿ.

ಆದರೆ ನಮ್ಮಲ್ಲಿ ದುಡ್ಡು ಹೋಗುವ ದೊಡ್ಡ ದಾರಿ ಈ ದೋಷಗಳಲ್ಲ. ವಾಟ್ಸ್‌ಆ್ಯಪ್‌ನಲ್ಲಿ ‘ಮದುವೆ ಕರೆಯೋಲೆ’, ‘ಟ್ರಾಫಿಕ್ ದಂಡ’, ‘ಪಿಎಂ ಕಿಸಾನ್’ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು, ಅಂದರೆ ಪ್ಲೇ ಸ್ಟೋರ್‌ನ ಹೊರಗಿನ ಆ್ಯಪನ್ನು, ನಾವೇ ಒತ್ತಿ ಹಾಕಿಕೊಳ್ಳುವುದು. ಅದಕ್ಕೆ ಮೆಸೇಜ್ ಓದುವ ಅನುಮತಿ ಕೊಟ್ಟರೆ ನಿನ್ನೆ ತಂದ ಫೋನಿನಿಂದಲೂ ಓಟಿಪಿ ಹೋಗುತ್ತದೆ. ಹಾಗೇನಾದರೂ ಆದರೆ ಡೇಟಾ ಆಫ್ ಮಾಡಿ, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೊಂದು ದಿನ ಆ್ಯಪ್‌ಗಳೇ ಕೈಬಿಡುತ್ತವೆ. ವಾಟ್ಸ್‌ಆ್ಯಪ್ ಸಾಕಷ್ಟು ಹಳೆಯ ಆಂಡ್ರಾಯ್ಡ್‌ನಲ್ಲೂ ನಡೆಯುತ್ತದೆ, ಬ್ಯಾಂಕ್ ಆ್ಯಪ್‌ಗಳು ಅಷ್ಟು ಉದಾರಿಗಳಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ‘ಈ ಫೋನಿಗೆ ಹೊಂದುವುದಿಲ್ಲ’ ಎಂದ ದಿನ ಚರ್ಚೆ ಮುಗಿಯಿತು.

ನೆಟ್‌ವರ್ಕ್ ಬ್ಯಾಂಡ್

ಬ್ಯಾಂಡ್ ಎಂದರೆ ಟವರ್ ಮತ್ತು ಫೋನು ಮಾತಾಡುವ ತರಂಗದ ಪಟ್ಟಿ. ಕಡಿಮೆ ಆವರ್ತನದ ತರಂಗ ದೂರ ಹೋಗುತ್ತದೆ, ಗೋಡೆ ಮತ್ತು ಕಾಡನ್ನು ಚೆನ್ನಾಗಿ ದಾಟುತ್ತದೆ. ನಮ್ಮ ಘಟ್ಟಕ್ಕೆ ಅದೇ ಮುಖ್ಯ. ಜಿಯೊ 4ಜಿಗೆ 3, 5, 40ನೇ ಬ್ಯಾಂಡ್ ಬಳಸುತ್ತದೆ; ಇವುಗಳಲ್ಲಿ 5ನೆಯದು, ಅಂದರೆ 850 ಮೆಗಾಹರ್ಟ್ಸ್, ದೂರ ಮುಟ್ಟುವಂಥದ್ದು. 2025ರ ಸೆಪ್ಟೆಂಬರ್ 27ರಂದು ದೇಶೀಯ ತಂತ್ರಜ್ಞಾನದ 4ಜಿಯನ್ನು ವಿಧ್ಯುಕ್ತವಾಗಿ ಆರಂಭಿಸಿದ ಬಿಎಸ್‌ಎನ್‌ಎಲ್ 2100 ಮೆಗಾಹರ್ಟ್ಸ್‌ನ 1ನೇ ಬ್ಯಾಂಡ್ ಮತ್ತು 700 ಮೆಗಾಹರ್ಟ್ಸ್‌ನ 28ನೇ ಬ್ಯಾಂಡ್ ಬಳಸುತ್ತದೆ. ಐದಾರು ವರ್ಷ ಹಿಂದಿನ ಹಲವು ಅಗ್ಗದ ಫೋನುಗಳಲ್ಲಿ 28ನೇ ಬ್ಯಾಂಡ್ ಇಲ್ಲ. ‘ಪಕ್ಕದ ಮನೆಯವರಿಗೆ ಬಿಎಸ್‌ಎನ್‌ಎಲ್ 4ಜಿ ಸಿಗುತ್ತದೆ, ನನಗಿಲ್ಲ’ ಎಂಬುದಕ್ಕೆ ಇದು ಕಾರಣವಿರಬಹುದು. ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್‌ನ ಬ್ಯಾಂಡ್ ಪಟ್ಟಿ ನೋಡಿ. ನಿಮ್ಮ ಊರಿಗೆ ಬಿಎಸ್‌ಎನ್‌ಎಲ್ ಒಂದೇ ಗತಿಯಾಗಿದ್ದರೆ ಇದು ಬದಲಾಯಿಸಲು ನ್ಯಾಯವಾದ ಕಾರಣ. 5ಜಿ ಇಲ್ಲ ಎಂಬ ಒಂದೇ ಕಾರಣಕ್ಕೆ ಬದಲಾಯಿಸುವುದು ಸದ್ಯಕ್ಕೆ ಬೇಡ. 4ಜಿಯಲ್ಲಿ ಕರೆಯೂ ಪಾವತಿಯೂ ಸಲೀಸಾಗಿ ನಡೆಯುತ್ತವೆ.

ದುಡ್ಡಿನ ಲೆಕ್ಕ

ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ನೋಡುವುದು ಸರಿಯಾದ ಅಳತೆ. 1,200 ರೂಪಾಯಿಯ ಬ್ಯಾಟರಿ ಫೋನನ್ನು ಇನ್ನೂ 15 ತಿಂಗಳು ಓಡಿಸಿದರೆ ತಿಂಗಳಿಗೆ 80 ರೂಪಾಯಿ. 14,000ದ ಹೊಸ ಫೋನು ನಾಲ್ಕು ವರ್ಷ ಬಂದರೆ ತಿಂಗಳಿಗೆ ಸುಮಾರು 290. ಬ್ಯಾಟರಿ, ಚಾರ್ಜಿಂಗ್ ಬೋರ್ಡ್ ಎರಡೂ ಸೇರಿದರೂ ರಿಪೇರಿಯೇ ಗೆಲ್ಲುತ್ತದೆ. ಡಿಸ್‌ಪ್ಲೇ ಬಂದಾಗ ತಕ್ಕಡಿ ವಾಲುತ್ತದೆ: ಸಾದಾ ಎಲ್‌ಸಿಡಿ 1,500ರಿಂದ 3,000, ಅಮೊಲೆಡ್ ಆದರೆ 4,000ಕ್ಕೂ ಮೇಲೆ. ಸೆಕ್ಯುರಿಟಿ ಅಪ್‌ಡೇಟ್ ನಿಂತ, 3 ಜಿಬಿ ರ್ಯಾಮಿನ ಫೋನಿಗೆ ಡಿಸ್‌ಪ್ಲೇ ಹಾಕಿಸುವುದು ವ್ಯರ್ಥ. ಮುಖ್ಯ ಬೋರ್ಡೇ ಹೋಗಿದ್ದರೆ ಯೋಚನೆಯೇ ಬೇಡ, ಹೊಸದು ತನ್ನಿ.

ರಿಪೇರಿ ಮಾಡಿಸುವುದಾದರೆ ಮೇ ತಿಂಗಳೊಳಗೆ ಮಾಡಿಸಿ. ಮಳೆ ಹಿಡಿದ ಮೇಲೆ ಬಿಚ್ಚಿದ ಫೋನಿನೊಳಗೆ ತೇವವನ್ನೂ ಸೇರಿಸಿಯೇ ಅಂಟಿಸಿದಂತಾಗುತ್ತದೆ.

ಕೊಳ್ಳುವುದೇ ಆದರೆ

ಮೆಮೊರಿ ತುಟ್ಟಿಯಾದ ಕಾಲದಲ್ಲಿ ಕಂಪನಿಗಳು ಕತ್ತರಿ ಹಾಕುವುದೂ ಅಲ್ಲೇ, ನೀವು ರಾಜಿಯಾಗಬಾರದ್ದೂ ಅಲ್ಲೇ. 6 ಜಿಬಿ ರ್ಯಾಮ್, 128 ಜಿಬಿ ಯುಎಫ್ಎಸ್ ಸ್ಟೋರೇಜ್, ಬಿಡುಗಡೆಯಿಂದ ಕನಿಷ್ಠ ನಾಲ್ಕು ವರ್ಷದ ಸೆಕ್ಯುರಿಟಿ ಅಪ್‌ಡೇಟ್. ಕ್ಯಾಮೆರಾದ ಮೆಗಾಪಿಕ್ಸೆಲ್ ಸಂಖ್ಯೆಯನ್ನು ಮರೆತುಬಿಡಿ. 4ಜಿಯಲ್ಲಿ 1, 3, 5, 8, 28, 40, ಮತ್ತು 5ಜಿಯಲ್ಲಿ ಎನ್28, ಎನ್78 ಬ್ಯಾಂಡ್‌ಗಳು ಇದ್ದರೆ ನಮ್ಮ ಕಡೆ ಯಾವ ಸಿಮ್‌ಗೂ ತೊಂದರೆಯಿಲ್ಲ. ಐಪಿ64 ಅಥವಾ ಮೇಲಿನದು ಸಿಕ್ಕರೆ ಕರಾವಳಿಯಲ್ಲಿ ಅದಕ್ಕೆ ಐನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿ ಎಂದು ಕೊಳ್ಳುವ ಮೊದಲೇ ಕೇಳಿ.

ಸೆಕೆಂಡ್ ಹ್ಯಾಂಡ್ ನೋಡುವವರು *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಪಡೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಫೋನಿನ ವಿವರ ಬರುತ್ತದೆ. ಕಪ್ಪುಪಟ್ಟಿಯಲ್ಲಿದೆ ಎಂದು ಬಂದರೆ ಮುಟ್ಟಬೇಡಿ. ಮಾಡೆಲ್ ಹೆಸರು ಕೈಯಲ್ಲಿರುವುದಕ್ಕೆ ಹೊಂದದಿದ್ದರೂ ಅಷ್ಟೇ.

ಹಳೆಯದರಿಂದ ಹೊಸದಕ್ಕೆ

ಹೊಸ ಫೋನು ಬಂದ ದಿನವೇ ಹಳೆಯದನ್ನು ಕೊಡಬೇಡಿ, ಒಂದು ವಾರ ಎರಡೂ ಮನೆಯಲ್ಲಿರಲಿ. ವಾಟ್ಸ್‌ಆ್ಯಪ್ ಅನ್ನು ಅದರೊಳಗಿನ ‘ಟ್ರಾನ್ಸ್‌ಫರ್ ಚಾಟ್ಸ್’ ಮೂಲಕ ವೈಫೈಯಲ್ಲೇ ದಾಟಿಸಬಹುದು. ಯುಪಿಐ ಆ್ಯಪ್ ಹೊಸದಾಗಿ ನೋಂದಾಯಿಸುವಾಗ ಬ್ಯಾಂಕಿಗೆ ಜೋಡಿಸಿದ ಸಿಮ್ ಅದೇ ಫೋನಿನಲ್ಲಿರಬೇಕು, ಮೆಸೇಜ್ ಹೋಗುವಷ್ಟು ಸಿಗ್ನಲ್ಲೂ ರೀಚಾರ್ಜೂ ಇರಬೇಕು. ಕಣಿವೆಯ ಮನೆಯಲ್ಲಿ ಕೂತು ‘ವೆರಿಫಿಕೇಷನ್ ಫೇಲ್ಡ್’ ಎಂದು ಒದ್ದಾಡುವ ಬದಲು ಪೇಟೆಗೆ ಬಂದಾಗ ಮುಗಿಸಿ. ಮೊದಲ 24 ತಾಸು ಪಾವತಿಯ ಮಿತಿ ಕಡಿಮೆ ಇರುತ್ತದೆ, ಆದ್ದರಿಂದ ಗೊಬ್ಬರದ ದುಡ್ಡೋ ಕಾಲೇಜಿನ ಫೀಸೋ ಕಟ್ಟುವ ಹಿಂದಿನ ದಿನ ಫೋನು ಬದಲಿಸಬೇಡಿ.

ಕೊಡುವ ಮೊದಲು ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆಯಿರಿ, ಆಮೇಲೆ ರೀಸೆಟ್ ಮಾಡಿ. ಈ ಕ್ರಮ ತಿರುವುಮುರುವಾದರೆ ಕೊಂಡವರು ಪಾಸ್‌ವರ್ಡ್ ಕೇಳಿಕೊಂಡು ಮರಳಿ ಬರಬಹುದು. ಸಿಮ್ ಜೊತೆ ಮೆಮೊರಿ ಕಾರ್ಡನ್ನೂ ತೆಗೆದುಕೊಳ್ಳಿ. ಮನೆಯಲ್ಲೇ ಇಟ್ಟು ಮಕ್ಕಳಿಗೋ ಹಾಡು ಕೇಳಲೋ ಬಳಸುವುದಾದರೆ ಬ್ಯಾಟರಿ ಉಬ್ಬಿಲ್ಲ ಎಂದು ಖಾತ್ರಿಪಡಿಸಿಕೊಳ್ಳಿ, ಶೇ 50ರ ಸುತ್ತ ಚಾರ್ಜ್ ಇರಿಸಿ. ಸದಾ ಚಾರ್ಜರಿಗೆ ಚುಚ್ಚಿಟ್ಟು ಕೊಟ್ಟಿಗೆಯ ಕ್ಯಾಮೆರಾ ಮಾಡುವ ಉಪಾಯ ಚೆನ್ನಾಗಿ ಕಂಡರೂ ಹಳೆಯ ಬ್ಯಾಟರಿ ಉಬ್ಬಲು ಅದು ನೇರ ದಾರಿ, ಕೊಟ್ಟಿಗೆಯಲ್ಲಿ ಒಣಹುಲ್ಲೂ ಇರುತ್ತದೆ. ಪೂರ್ತಿ ಸತ್ತ ಫೋನನ್ನು ಕಸದ ಗಾಡಿಗೂ ಹಿತ್ತಲ ಗುಂಡಿಗೂ ಹಾಕದೆ ಮುಂದಿನ ಸಲ ಸರ್ವಿಸ್ ಸೆಂಟರ್‌ಗೆ ಹೋದಾಗ ಕೊಟ್ಟುಬನ್ನಿ; ಇ-ತ್ಯಾಜ್ಯ ನಿಯಮ 2022ರ ಪ್ರಕಾರ ಅದರ ವಿಲೇವಾರಿಯ ಹೊಣೆ ತಯಾರಿಸಿದ ಕಂಪನಿಯದು.